ಉತ್ತರಕ್ಕ ಮತ್ತು ತಪ್ಪು ಪುಟಕ್ಕೆ ಹೋದ ಒಂದು ಸಾಲು

ಬೀದಿದೀಪಗಳು ಇನ್ನೂ ಆರಿಲ್ಲ. ಮೂರನೆಯ ಮಹಡಿಯ ಅಡುಗೆಮನೆಯಲ್ಲಿ ಒಲೆಯ ಮೇಲೆ ಹಾಲು, ಮೇಜಿನ ಮೇಲೆ ಎರಡು ಫೋನು. ಅವುಗಳ ಮುಂದೆ ಕನ್ನಡಕ ಮೂಗಿಗಿಳಿಸಿಕೊಂಡು ಕೂತಿದ್ದಾರೆ ಐವತ್ತು ದಾಟಿದ ಒಬ್ಬ ಹೆಂಗಸು. ಒಂದು ಕಣ್ಣು ಹಾಲಿನ ಮೇಲೆ, ಇನ್ನೊಂದು ಕಣ್ಣು ಫೋನಿನ ಮೇಲೆ. ಎರಡರಲ್ಲಿ ಯಾವುದು ಮೊದಲು ಉಕ್ಕುತ್ತದೆಂದು ಹೇಳಲಾಗದು. ಇವತ್ತು ಫೋನೇ ಮೊದಲು. ಹಾಸಿಗೆ ಅಂಗಡಿಯ ಆನ್‌ಲೈನ್ ಪುಟಕ್ಕೆ ಯಾರೋ ಬರೆದಿದ್ದಾರೆ: ಬೆನ್ನು ನೋವಿಗೆ ಯಾವ ಹಾಸಿಗೆ ಒಳ್ಳೆಯದು?

ಆಕೆ ತಟ್ಟನೆ ಉತ್ತರ ಬರೆಯುವುದಿಲ್ಲ. ಒಲೆಯನ್ನು ಸಣ್ಣದು ಮಾಡಿ ಬಂದು, ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಾರೆ. "ಈ ಹೊತ್ತಲ್ಲಿ ಹಾಸಿಗೆ ಕೇಳೋರು ಕೊಳ್ಳೋಕೆ ಕೇಳ್ತಿಲ್ಲ. ರಾತ್ರಿಯೆಲ್ಲ ಹೊರಳಾಡಿದಾರೆ, ಪಾಪ. ಮೊದಲು ನೋವು ವಿಚಾರಿಸ್ಬೇಕು, ಹಾಸಿಗೆ ಆಮೇಲೆ" ಎನ್ನುತ್ತಾರೆ. ಆಮೇಲೆ ಒಂದೇ ಬೆರಳಿನಲ್ಲಿ ಟೈಪ್ ಮಾಡಿ ಗಟ್ಟಿಯಾಗಿ ಓದುತ್ತಾರೆ: "ನೋವು ಎಷ್ಟು ದಿನದಿಂದ ಇದೆ? ಮಲಗಿದಾಗ ಜಾಸ್ತಿಯೋ, ಎದ್ದಾಗ ಜಾಸ್ತಿಯೋ?"

ಅಡುಗೆಮನೆಯ ಮೂಲೆಯ ಮಂಚದ ಮೇಲೆ ಕಂಬಳಿ ಹೊದ್ದು ಕೂತ ಎಂಬತ್ತರ ಅಜ್ಜಿ ಕಿವಿ ಇತ್ತ ಮಾಡಿ ಕೇಳುತ್ತಾರೆ. ಅವರು ಈಕೆಯ ಅತ್ತೆ. "ಸರಿ ಇದೆ, ಕಳಿಸು" ಎಂದು ಅಪ್ಪಣೆಯಾಗುತ್ತದೆ. ಉತ್ತರ ಹೋಗುತ್ತದೆ. ಅಷ್ಟರಲ್ಲಿ ಹಾಲೂ ಉಕ್ಕುತ್ತದೆ.

ಈ ಕಟ್ಟಡದಲ್ಲಿ ಎಲ್ಲರೂ ಆಕೆಯನ್ನು ಕರೆಯುವುದು ಉತ್ತರಕ್ಕ ಎಂದು. ಉತ್ತರ ದಿಕ್ಕಿನಿಂದ ಬಂದವರೆಂದಲ್ಲ, ಉತ್ತರ ಕೊಡುವವರೆಂದು. ನೀವು ಎಂದಾದರೂ ಒಂದು ಸಣ್ಣ ಅಂಗಡಿಯ ಪುಟಕ್ಕೆ ಹೋಗಿ 'ಬೆಲೆ ಎಷ್ಟು' ಎಂದು ಕೇಳಿರುತ್ತೀರಿ. ಅಂಗಡಿಯವನೇ ಉತ್ತರ ಕೊಟ್ಟ ಎಂದುಕೊಂಡಿರುತ್ತೀರಿ. ಅಂಗಡಿಯವನು ಆ ಹೊತ್ತಿಗೆ ಸಾಮಾನು ಇಳಿಸುತ್ತಲೋ, ಊಟದ ಮೇಲೆ ತೂಕಡಿಸುತ್ತಲೋ ಇರುತ್ತಾನೆ. ಉತ್ತರ ಕೊಟ್ಟದ್ದು ಇಂಥ ಒಂದು ಅಡುಗೆಮನೆ. ಆನ್‌ಲೈನ್ ಮಾರ್ಕೆಟಿಂಗ್ ಎಂದರೆ ಗಾಜಿನ ಕಟ್ಟಡ, ತಿರುಗುವ ಕುರ್ಚಿ, ಕೋಟು ಹಾಕಿದ ಜನ ಎಂದು ನಂಬಿದವರು ಒಮ್ಮೆ ಇಲ್ಲಿಗೆ ಬಂದು ಹೋಗಬೇಕು. ತಿರುಗುವ ಕುರ್ಚಿ ಇಲ್ಲಿಲ್ಲ. ಇರುವ ಕುರ್ಚಿಯ ಒಂದು ಕಾಲಿಗೆ ರಟ್ಟು ಮಡಿಸಿ ಕೊಟ್ಟಿದ್ದಾರೆ.

ಉತ್ತರಕ್ಕ ಐದು ಅಂಗಡಿಗಳ ಪರವಾಗಿ ಮಾತನಾಡುತ್ತಾರೆ. ಹಾಸಿಗೆ ಅಂಗಡಿ, ಕೇಕ್ ಅಂಗಡಿ, ಬೀಗ ರಿಪೇರಿಯವನು, ಸೈಕಲ್ ಅಂಗಡಿ, ಇವರ ಜೊತೆಗೆ ಶವಪೆಟ್ಟಿಗೆ ಮಾಡುವ ಒಬ್ಬ ಬಡಗಿ. ದಿನಕ್ಕೆ ಮುನ್ನೂರರ ಆಸುಪಾಸು ಪ್ರಶ್ನೆಗಳು ಬರುತ್ತವೆ. ಅರ್ಧಕ್ಕೆ ಅರ್ಧ 'ಬೆಲೆ ಎಷ್ಟು' ಎಂಬುದೇ, ಅದೂ ಬೆಲೆಯನ್ನು ಚಿತ್ರದ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದರೂ. ಮುಂಜಾನೆ ಹಾಸಿಗೆಯವರು, ಮಧ್ಯಾಹ್ನ ಕೇಕಿನವರು, ಸಂಜೆ ಮನೆಗೆ ಬಂದು ಕೀಲಿ ಕಾಣದೆ ಬಾಗಿಲ ಹೊರಗೆ ನಿಂತವರು. ಪೆಟ್ಟಿಗೆಯವರಿಗೆ ಮಾತ್ರ ಹೊತ್ತುಗೊತ್ತಿಲ್ಲ.

ಇದಕ್ಕೂ ಮುಂಚೆ ಆಕೆ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಹದಿನೆಂಟು ವರ್ಷ ಕೂತಿದ್ದವರು. ಅಂಗೈಯಗಲದ ತೂತಿನಿಂದ ಊರ ಜನಕ್ಕೆಲ್ಲ ಉತ್ತರ ಹೇಳಿದವರು. ಒಂದು ದಿನ ನಿಲ್ದಾಣಕ್ಕೆ ಹೊಳೆಯುವ ಅಕ್ಷರಗಳ ದೊಡ್ಡ ಬೋರ್ಡು ಬಂತು. ಕಿಟಕಿ ಮುಚ್ಚುವುದಕ್ಕೆ ಮುನ್ನ ಆರು ತಿಂಗಳು ಬೋರ್ಡೂ ಇತ್ತು, ಆಕೆಯೂ ಇದ್ದರು. "ಬೋರ್ಡ್ ಓದ್ಕೊಂಡು ಬಂದು ನನ್ನ ಹತ್ರ ಕೇಳೋರು, ಬಸ್ ಬರುತ್ತಾ ಅಂತ. ಬರುತ್ತೆ ಅಂತ ಅಲ್ಲೇ ಬರ್ದಿದೆಯಲ್ಲ ಅಂದ್ರೆ, ಅದು ಸರಿ, ಆದ್ರೂ ಬರುತ್ತಾ ಅನ್ನೋರು" ಎಂದು ನಗುತ್ತಾರೆ. ಕಿಟಕಿಗೆ ಹಲಗೆ ಬಡಿದ ಮೇಲೆ ಎರಡು ವರ್ಷ ಕೆಲಸವಿರಲಿಲ್ಲ. ಗಂಡ ಲಿಫ್ಟ್ ರಿಪೇರಿ ಮಾಡುವವರು, ಅವರ ದುಡಿಮೆ ಮನೆಗೆ ಸಾಲುತ್ತಿತ್ತು. ಆದರೆ ಇಡೀ ದಿನ ಯಾರೂ ಏನೂ ಕೇಳದ ಮನೆಯಲ್ಲಿ ಕೂರುವುದು ಆಕೆಗೆ ತಡೆಯದಾಯಿತು. ಗೋಡೆಗಡಿಯಾರ ನೋಡಿ ಬಸ್ಸಿನ ಸಮಯ ಹೇಳಿಕೊಳ್ಳುತ್ತಿದ್ದರಂತೆ.

ನಿಲ್ದಾಣದ ಹಳೆಯ ಪ್ರಯಾಣಿಕರೊಬ್ಬರು ಆಕೆಯನ್ನು ಮರೆತಿರಲಿಲ್ಲ. ಅವರೇ ಹಾಸಿಗೆ ಅಂಗಡಿಯ ಯಜಮಾನರು. ಅಂಗಡಿಗೊಂದು ಪುಟ ಮಾಡಿಸಿದ್ದರು, ಜಾಹೀರಾತಿಗೆ ಖರ್ಚು ಮಾಡಿದ್ದರು. ಜನ ಬಂದು ಪ್ರಶ್ನೆ ಕೇಳುತ್ತಿದ್ದರು, ಉತ್ತರ ಕೊಡುವವರಿಲ್ಲದೆ ಹೊರಟುಹೋಗುತ್ತಿದ್ದರು. ಮದುವೆ ಮನೆಗೆ ಕರೆದು ಬಾಗಿಲು ಹಾಕಿಕೊಂಡಂಥ ಕೆಲಸ. "ಬಸ್ ಸ್ಟ್ಯಾಂಡಲ್ಲಿ ಅಷ್ಟು ಜನಕ್ಕೆ ಉತ್ತರ ಹೇಳ್ದೋರು ನೀವು. ನನ್ನ ಹಾಸಿಗೆ ಬಗ್ಗೆ ಹೇಳೋಕಾಗಲ್ವಾ?" ಎಂದು ಅವರು ಮನೆಗೇ ಬಂದು ಕೇಳಿದರು. ಆಕೆ ಒಪ್ಪಿಕೊಂಡರು. ಫೋನಿನಲ್ಲಿ ಅಕ್ಷರ ಹುಡುಕುವುದನ್ನು ಕಲಿಯಲು ಒಂದು ತಿಂಗಳು ಹಿಡಿಯಿತು. ಉತ್ತರ ಕೊಡುವುದನ್ನು ಹೊಸದಾಗಿ ಕಲಿಯಬೇಕಿರಲಿಲ್ಲ.

ಅತ್ತೆ ಈ ಉದ್ಯೋಗಕ್ಕೆ ಸೇರಿದ್ದು ತಾವಾಗಿಯೇ. ಕಣ್ಣಿಗೆ ಪೊರೆ ಬಂದು ಟಿ.ವಿ. ನೋಡಲಾಗದಾಗ ಸೊಸೆಯ ಬಾಯಿಂದ ಬರುವ ಪ್ರಶ್ನೋತ್ತರಗಳೇ ಅವರಿಗೆ ಧಾರಾವಾಹಿಯಾದವು. ಕೇಳುತ್ತ ಕೇಳುತ್ತ ತಪ್ಪು ಹಿಡಿಯತೊಡಗಿದರು. 'ನಮ್ಮ ಉತ್ಪನ್ನಗಳ ಬಗ್ಗೆ ನೀವು ತೋರಿದ ಆಸಕ್ತಿಗೆ ಧನ್ಯವಾದಗಳು' ಎಂದು ಸೊಸೆ ಓದಿದರೆ, ಮಂಚದಿಂದ ಒಂದೇ ಮಾತು: "ಯಾರೇ ಹಾಗೆ ಮಾತಾಡ್ತಾರೆ?" ಅಳಿಸಿ ಮತ್ತೆ ಬರೆಯಬೇಕು. ಈಗ ಅತ್ತೆಯ ಕಿವಿ ದಾಟದೆ ಒಂದು ಸಾಲೂ ಹೊರಗೆ ಹೋಗುವುದಿಲ್ಲ. ದೊಡ್ಡ ಕಂಪನಿಗಳು ಇಂಥ ಪರೀಕ್ಷೆಗೆ ಬೇರೆ ವಿಭಾಗವನ್ನೇ ಇಟ್ಟಿರುತ್ತವಂತೆ. ಇಲ್ಲಿ ಆ ವಿಭಾಗ ಕಂಬಳಿ ಹೊದ್ದು ಕೂತಿದೆ, ಅದಕ್ಕೆ ಎರಡು ಹೊತ್ತು ಬಿಸಿ ಹಾಲು ಕೊಟ್ಟರೆ ಸಾಕು.

ಹಾಸಿಗೆ ಅಂಗಡಿಯ ಅತಿ ಒಳ್ಳೆಯ ಜಾಹೀರಾತೂ ಅತ್ತೆಯದೇ. ಯಜಮಾನರು ಹೊಸ ನಮೂನೆಯ ಹಾಸಿಗೆಯೊಂದನ್ನು ನೋಡಲೆಂದು ಮನೆಗೆ ಕಳಿಸಿದ್ದರು. 'ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಇದರಲ್ಲಿ ಎಷ್ಟು ಬೇಕಾದರೂ ಚಾಚಿ' ಎಂದು ಬರೆಯುವುದೋ ಬೇಡವೋ ಎಂದು ಸೊಸೆ ತಲೆ ಕೆರೆದುಕೊಳ್ಳುತ್ತಿದ್ದಾಗ ಅತ್ತೆ ಅದರ ಮೇಲೆ ಅಡ್ಡಾದರು. ಊಟಕ್ಕೆ ಕರೆದರೆ ಏಳಲಿಲ್ಲ. "ನೀನೂ ಒಂದು ಸಲ ಮಲಗಿ ನೋಡೇ. ಏಳೋಕೇ ಮನಸ್ಸು ಬರಲ್ಲ" ಎಂದರು. ಅದನ್ನೇ ಸ್ವಲ್ಪ ತಿದ್ದಿದರು: 'ಒಮ್ಮೆ ಮಲಗಿ ನೋಡಿ. ಏಳೋಕೇ ಮನಸ್ಸು ಬರಲ್ಲ.' ಯಜಮಾನರು ಕುಣಿದಾಡಿದರು.

ಇನ್ನು ಬಡಗಿಯ ಪುಟದ ಕಥೆ ಬೇರೆ. ಮೂರು ತಲೆಮಾರಿನಿಂದ ಪೆಟ್ಟಿಗೆ ಮಾಡುವ ಮನೆತನ ಅವರದು. ಮಾತು ಕಡಿಮೆ, ಉಳಿ ಹಿಡಿದರೆ ಲೋಕ ಮರೆಯುವ ಮನುಷ್ಯ. ಈಚೆಗೆ ದೊಡ್ಡ ಸಂಸ್ಥೆಯೊಂದು ಫೋನಿನಲ್ಲೇ ಪೆಟ್ಟಿಗೆ, ಗಾಡಿ, ಹೂವು ಎಲ್ಲವನ್ನೂ ಒಟ್ಟಿಗೆ ಮಾರತೊಡಗಿದ ಮೇಲೆ ಇವರನ್ನು ಹುಡುಕಿಕೊಂಡು ಬರುವವರು ಕಡಿಮೆಯಾದರು. ಸಾವಿಗೂ ಜಾಹೀರಾತೇ ಎಂದು ಅವರಿಗೆ ಬಹಳ ದಿನ ಹಿಂಜರಿಕೆ ಇತ್ತು. ಕೊನೆಗೆ ಉತ್ತರಕ್ಕನ ಬಳಿ ಬಂದು ಒಂದೇ ಷರತ್ತು ಹಾಕಿದರು: "ಉಳಿದ ಅಂಗಡಿಗಳ ಥರ ಕೊನೇಲಿ 'ಮತ್ತೆ ಬನ್ನಿ' ಅಂತ ಮಾತ್ರ ಹಾಕ್ಬೇಡಿ ತಾಯಿ." ಉತ್ತರಕ್ಕ ಹಾಕಲಿಲ್ಲ. ಅವರ ಪುಟಕ್ಕೆಂದು ಅತ್ತೆ ಸೊಸೆ ಸೇರಿ ಒಂದು ಸಾಲು ಮಾಡಿದರು: 'ಬೇಕಾದಾಗ ಕರೆಯಿರಿ. ಯಾವ ಹೊತ್ತಾದರೂ ಬರುತ್ತೇವೆ.' ಪುಟವನ್ನು ನೋಡುತ್ತಿದ್ದವರು ಇನ್ನೂರು ಮಂದಿಯೂ ಇರಲಿಲ್ಲ. ಆದರೆ ಕರೆಗಳು ಬರುತ್ತಿದ್ದವು, ಬಡಗಿಯ ಉಳಿಗೆ ಕೆಲಸ ಸಿಗುತ್ತಿತ್ತು.

ಇಷ್ಟು ಎಚ್ಚರದ ಮನೆಯಲ್ಲಿ ತಪ್ಪು ನಡೆದದ್ದು ನಾಲ್ಕು ತಿಂಗಳ ಹಿಂದೆ. ಅಂದು ಅತ್ತೆಯನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯಬೇಕಿತ್ತು. ಹೊರಡುವ ಮುಂಚೆ ಹಾಸಿಗೆಯ ಹೊಸ ಚಿತ್ರವೊಂದನ್ನೂ, ಬಡಗಿ ಬೆಳಿಗ್ಗೆ ಕಳಿಸಿದ್ದ ಹೊಸ ಪೆಟ್ಟಿಗೆಯ ಚಿತ್ರವನ್ನೂ ಹಾಕಿ ಮುಗಿಸಿಬಿಡೋಣವೆಂದು ಉತ್ತರಕ್ಕ ಕೂತರು. ಹಾಸಿಗೆಯ ಚಿತ್ರ ಅದರ ಸಾಲಿನೊಂದಿಗೆ ಹೋಯಿತು. ಆಮೇಲೆ ಬಡಗಿಯ ಪುಟ ತೆರೆದು, ಪೆಟ್ಟಿಗೆಯ ಚಿತ್ರ ಹಾಕಿ, ಬಡಗಿಯ ಸಾಲನ್ನು ಕಾಪಿ ಮಾಡಿ ಅಂಟಿಸಿದರು. ಅಂದರೆ, ಕಾಪಿ ಮಾಡಿದೆ ಎಂದುಕೊಂಡರು. ಬೆರಳು ಸರಿಯಾಗಿ ಒತ್ತಿರಲಿಲ್ಲ. ಫೋನಿನ ಹೊಟ್ಟೆಯಲ್ಲಿ ಇನ್ನೂ ಹಾಸಿಗೆಯ ಸಾಲೇ ಇತ್ತು. ಎರಡೂ ಅತ್ತೆ ಒಪ್ಪಿದ ಸಾಲುಗಳೇ ಆದ್ದರಿಂದ ಗಟ್ಟಿಯಾಗಿ ಓದುವ ಅಗತ್ಯ ಕಾಣಲಿಲ್ಲ. "ಆಟೋ ಬಂತು ಕಣೇ" ಎಂದು ಅತ್ತೆ ಬಾಗಿಲಲ್ಲಿ ನಿಂತಿದ್ದರು. ಉತ್ತರಕ್ಕ ಗುಂಡಿ ಒತ್ತಿ, ಫೋನನ್ನು ಚೀಲಕ್ಕೆ ಹಾಕಿಕೊಂಡು ಹೊರಟರು.

ನುಣ್ಣಗೆ ಹೊಳೆಯುವ ಶವಪೆಟ್ಟಿಗೆ. ಅದರ ಕೆಳಗೆ: 'ಒಮ್ಮೆ ಮಲಗಿ ನೋಡಿ. ಏಳೋಕೇ ಮನಸ್ಸು ಬರಲ್ಲ.'

ಆಸ್ಪತ್ರೆಯಲ್ಲಿ ಫೋನಿನ ಸದ್ದು ಅಡಗಿಸಿದ್ದರು. ಅತ್ತೆಯ ಕಣ್ಣಿಗೆ ಔಷಧಿ ಹಾಕಿಸಿ ಹೊರಗೆ ಬಂದು ನೋಡಿದರೆ ಬಡಗಿಯ ಕರೆಗಳ ಮೇಲೆ ಕರೆಗಳು. ಉತ್ತರಕ್ಕ ಅಲ್ಲೇ ಮೆಟ್ಟಿಲ ಮೇಲೆ ನಿಂತು ಪುಟ ತೆರೆದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಎನ್ನುತ್ತಾರೆ. ಸಾಲನ್ನು ಅಳಿಸಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದು ಇಂಥದ್ದಕ್ಕೇ ಇರಬೇಕು. ಅಷ್ಟರಲ್ಲಿ ಯಾರೋ ಅದರ ಚಿತ್ರ ತೆಗೆದುಕೊಂಡಾಗಿತ್ತು. ಸಂಜೆಯೊಳಗೆ ಅದು ಊರೂರು ಸುತ್ತಿತು. ಕಚೇರಿಗಳಲ್ಲಿ, ಬಸ್ಸುಗಳಲ್ಲಿ, ಗೆಳೆಯರ ಗುಂಪುಗಳಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಂಡಕಂಡವರು ಬಡಗಿಯ ಪುಟಕ್ಕೆ ಬಂದು ತಮ್ಮದೂ ಒಂದೊಂದು ಹಾಸ್ಯ ಬರೆದು ಹೋದರು. ಇನ್ನೂರು ಮಂದಿಯಿದ್ದ ಪುಟಕ್ಕೆ ವಾರದೊಳಗೆ ಎಂಟು ಲಕ್ಷ ಜನರ ಕಣ್ಣು ಬಿತ್ತು.

ಹಾಸಿಗೆ ಯಜಮಾನರಿಗೆ ಖುಷಿಯೋ ಖುಷಿ. ಫೋನಿನಲ್ಲಿ 'ತಲುಪಿದವರು' ಎಂದು ಒಂದು ಸಂಖ್ಯೆ ಕಾಣುತ್ತದಲ್ಲ, ಅದನ್ನು ನೋಡುವುದೆಂದರೆ ಅವರಿಗೆ ಪ್ರಾಣ. "ಅಕ್ಕಾ, ನಾನು ಇಷ್ಟು ವರ್ಷ ಖರ್ಚು ಮಾಡಿದ್ರೂ ಇಷ್ಟು ಜನ ತಲುಪಿಲ್ಲ. ವಾರಕ್ಕೊಂದು ಇಂಥದ್ದು ಹಾಕ್ತಾ ಇರಿ" ಎಂದರು. ಮಾರ್ಕೆಟಿಂಗ್ ಪಾಠ ಹೇಳುವ ಮೇಷ್ಟ್ರೊಬ್ಬರು ಇದನ್ನು ತಮ್ಮ ತರಗತಿಯಲ್ಲಿ ಧೈರ್ಯದ ಜಾಹೀರಾತಿಗೆ ಉದಾಹರಣೆಯಾಗಿ ತೋರಿಸಿದರಂತೆ. ಆಮೇಲೆ ಖುದ್ದು ಫೋನು ಮಾಡಿ ಕೇಳಿದರು, "ಇದರ ಹಿಂದೆ ನಿಮ್ಮ ಆಲೋಚನೆ ಏನಿತ್ತು ಮೇಡಂ?" ಉತ್ತರಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದರು, "ಕಣ್ಣಿನ ಡಾಕ್ಟರ ಹತ್ರ ಲೇಟಾಗುತ್ತೆ ಅಂತಿತ್ತು." ಮೇಷ್ಟ್ರಿಗೆ ಅದೂ ಹಾಸ್ಯವೆಂದೇ ಅನ್ನಿಸಿ ಇನ್ನಷ್ಟು ನಕ್ಕರು.

ನಗದವರು ಒಬ್ಬರಿದ್ದರು. ಸಾಲನ್ನು ಅಳಿಸುವುದಕ್ಕೆ ಸ್ವಲ್ಪ ಮುಂಚೆ ಆ ಚಿತ್ರದ ಕೆಳಗೆ ಒಬ್ಬ ಹೆಣ್ಣುಮಗಳು ಹೀಗೆ ಬರೆದಿದ್ದರು: 'ಇದೇ ಪೆಟ್ಟಿಗೆಯನ್ನು ಇವತ್ತು ಬೆಳಿಗ್ಗೆ ನಮ್ಮಮ್ಮನಿಗೆ ತಂದಿದ್ದೇವೆ. ಅಮ್ಮ ಇನ್ನೂ ಮನೆಯಲ್ಲೇ ಮಲಗಿದ್ದಾಳೆ.' ಬೈಗುಳವಿಲ್ಲ, ಪ್ರಶ್ನೆಯೂ ಇಲ್ಲ. ಬಡಗಿಯನ್ನು ಕೇಳಿದಾಗ ನಿಜವೆಂದು ತಿಳಿಯಿತು. ಪೆಟ್ಟಿಗೆಯನ್ನು ಆ ಮನೆಗೆ ಒಯ್ಯುವ ಮುಂಚೆ ಅವರು ಚಿತ್ರ ತೆಗೆದುಕೊಂಡಿದ್ದರು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎನ್ನುವ ಮಾತು ಉತ್ತರಕ್ಕನಿಗೆ ಅಂದು ಅರ್ಥವಾದಷ್ಟು ಎಂದೂ ಅರ್ಥವಾಗಿರಲಿಲ್ಲ.

"ಎಂಟು ಲಕ್ಷ ಜನಕ್ಕೆ ತಲುಪ್ತು, ತಲುಪ್ತು ಅಂತಾರೆ. ತಾಗಿದ್ದು ಒಬ್ಬಳಿಗೆ" ಎನ್ನುವಾಗ ಆಕೆಯ ದನಿ ಈಗಲೂ ಸಣ್ಣದಾಗುತ್ತದೆ.

ಹದಿನೆಂಟು ವರ್ಷ ಕಿಟಕಿಯಲ್ಲಿ ಕೂತಾಗಲೂ ಯಾರನ್ನೂ ಉತ್ತರವಿಲ್ಲದೆ ಕಳಿಸಿದವರಲ್ಲ ಆಕೆ. ಈ ಒಂದು ಸಂದೇಶಕ್ಕೆ ಮಾತ್ರ ಉತ್ತರ ಹೊಳೆಯಲಿಲ್ಲ. ಬರೆದದ್ದನ್ನೆಲ್ಲ ಅತ್ತೆಗೆ ಓದಿ ಹೇಳಿದರು. 'ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ' ಎಂದರೆ, "ಅನಾನುಕೂಲ ಅಂದ್ರೆ ನಲ್ಲೀಲಿ ನೀರು ನಿಂತದ್ದು. ಇದು ಅದಾ?" ಎಂದರು ಅತ್ತೆ. 'ತಾಂತ್ರಿಕ ದೋಷದಿಂದ' ಎಂದರೆ, "ನಿನ್ನ ಬೆರಳಿಗೆ ತಾಂತ್ರಿಕ ಅಂತ ಯಾವಾಗ ಹೆಸರಿಟ್ಟೆ?" ಎಂದರು. 'ನಿಮ್ಮ ದುಃಖದಲ್ಲಿ ನಾವೂ ಭಾಗಿ' ಎಂದಾಗ ಅಜ್ಜಿ ಮುಖವನ್ನೇ ಅತ್ತ ತಿರುಗಿಸಿಕೊಂಡರು. ಒಂದು ವಾರ ಹೀಗೆಯೇ ಕಳೆಯಿತು. ಉಳಿದ ಅಂಗಡಿಗಳ ಉತ್ತರಗಳೂ ತಡವಾದವು. ಬಾಯಿಗೆ ಅನ್ನ ರುಚಿಸದಾಯಿತು. ಇನ್ನು ಈ ಕೆಲಸವೇ ಬೇಡ, ಐದು ಅಂಗಡಿಯವರಿಗೂ ಹೇಳಿಬಿಡುತ್ತೇನೆ ಎಂದು ಒಂದು ಬೆಳಿಗ್ಗೆ ಆಕೆ ಫೋನುಗಳನ್ನು ಮಗುಚಿ ಇಟ್ಟರು.

ಅತ್ತೆ ಮಂಚದಿಂದ ಕಾಲು ಕೆಳಗಿಳಿಸಿದರು. "ಇದು ಬರೆಯೋದಲ್ಲ ಕಣೇ. ಹೋಗೋದು" ಎಂದರು.

ಬಡಗಿಗೆ ಮನೆ ಗೊತ್ತಿತ್ತು. ಕರೆದುಕೊಂಡು ಹೋಗಲು ಮೊದಲು ಒಪ್ಪಲಿಲ್ಲ. "ಹುಣ್ಣು ಕೆದಕೋದು ಬೇಡ ತಾಯಿ. ತಪ್ಪು ನಿಮ್ಮೊಬ್ಬರದೇ ಅಲ್ಲ, ಫೋಟೋ ತೆಗೆದು ಕಳಿಸಿದ್ದು ನಾನು" ಎಂದರು. ಉತ್ತರಕ್ಕ ಹಟ ಹಿಡಿದ ಮೇಲೆ ಬೀದಿಯ ತಿರುವಿನವರೆಗೆ ಬಂದು, ಕೈ ತೋರಿಸಿ, ಅಲ್ಲೇ ಒಂದು ಅಂಗಡಿಯ ನೆರಳಿನಲ್ಲಿ ನಿಂತರು.

ಆ ಹೆಣ್ಣುಮಗಳು ಟೈಲರ್. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ. ಕೊರಳಲ್ಲಿ ಅಳತೆ ಟೇಪು, ತುಟಿಗಳ ನಡುವೆ ನಾಲ್ಕೈದು ಗುಂಡುಪಿನ್ನು, ಮುಂದೆ ಅರ್ಧ ಹೊಲಿದ ಕೋಟು. ಉತ್ತರಕ್ಕ ಬಾಗಿಲಲ್ಲೇ ನಿಂತು ಹೇಳಿದರು, "ಪೆಟ್ಟಿಗೆ ಕೆಳಗೆ ಆ ಸಾಲು ಹಾಕಿದ್ದು ನಾನಮ್ಮ. ಬೇರೆ ಅಂಗಡಿಗೆ ಹಾಕೋದು ಅಲ್ಲಿಗೆ ಹೋಯ್ತು. ನನ್ನ ಕೈಯಿಂದಲೇ ಆದದ್ದು." ಆ ಹೆಣ್ಣುಮಗಳ ಬಾಯಲ್ಲಿ ಪಿನ್ನು. ಒಂದೊಂದನ್ನೇ ತೆಗೆದು ಕೋಟಿನ ಅಂಚಿಗೆ ಚುಚ್ಚುತ್ತ ಹೋದರು. ಆ ಪಿನ್ನುಗಳು ಮುಗಿಯುವವರೆಗಿನ ಹೊತ್ತು ತಮ್ಮ ಇಡೀ ಆಯುಷ್ಯದಲ್ಲೇ ಉದ್ದವಾದದ್ದು ಎನ್ನುತ್ತಾರೆ ಉತ್ತರಕ್ಕ.

"ನೀವಾ?" ಎಂದರು ಟೈಲರ್. "ಮನುಷ್ಯರಾ ಬರೆದದ್ದು? ನಾನು ಮಿಷನ್ ಅಂದ್ಕೊಂಡಿದ್ದೆ."

"ಮಿಷನ್ ಅಲ್ಲಮ್ಮ."

"ಮಿಷನ್ ಅಂದ್ಕೊಂಡೇ ಸುಮ್ಮನಾದೆ. ಮಿಷನ್‌ಗೆ ಬೈದ್ರೆ ಗೋಡೆಗೆ ಬೈದ ಹಾಗೆ. ಬೈಯೋಕೆ ಯಾರೂ ಇಲ್ವಲ್ಲ ಅಂತ ಇನ್ನೂ ಸಂಕಟ ಆಯ್ತು. ಬನ್ನಿ, ಕೂತ್ಕೊಳ್ಳಿ. ಈಗ ಬೈತೀನಿ."

ಬೈದರು. ಬಾಯಿಗೆ ಬಂದಂತೆ ಬೈದರು. ಕಣ್ಣು ಎಲ್ಲಿಟ್ಟುಕೊಂಡಿದ್ದಿರಿ, ನಿಮ್ಮ ಮನೆಯಲ್ಲಿ ಯಾರೂ ಸತ್ತಿಲ್ಲವೇ ಎಂದು ಶುರುವಾದದ್ದು ಬಡಗಿಯ ಮೇಲೆ ಹೋಯಿತು, ನಕ್ಕ ಎಂಟು ಲಕ್ಷ ಜನರ ಮೇಲೆ ಹೋಯಿತು, ಅಲ್ಲಿಂದ ತಡವಾಗಿ ಬಂದ ಅಣ್ಣನ ಮೇಲೆ, ಸರಿಯಾಗಿ ನೋಡದ ಡಾಕ್ಟರ ಮೇಲೆ, ಕೊನೆಗೆ ಔಷಧಿಯನ್ನು ದಿಂಬಿನ ಕೆಳಗೆ ಬಚ್ಚಿಡುತ್ತಿದ್ದ ಅಮ್ಮನ ಮೇಲೆ. ಅಮ್ಮನಿಗೆ ಬೈಯುತ್ತ ಬೈಯುತ್ತ, ಅರ್ಧ ಹೊಲಿದ ಕೋಟಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಉತ್ತರಕ್ಕ ಪಕ್ಕದಲ್ಲಿ ಕೂತು ತಾವೂ ಅತ್ತರು.

ಕ್ಷಮಿಸಿದೆ ಎಂಬ ಮಾತು ಆ ಕೋಣೆಯಲ್ಲಿ ಬರಲಿಲ್ಲ. ಟೈಲರ್ ಮೂಗು ಒರೆಸಿಕೊಂಡು, ನೀರು ಕೊಟ್ಟು, "ಇನ್ನೊಂದು ದಿನ ಬನ್ನಿ. ಇನ್ನೂ ಬೈಯೋದಿದೆ" ಎಂದರು. ಉತ್ತರಕ್ಕ ಹೋದರು. ಈಗಲೂ ಆಗಾಗ ಹೋಗುತ್ತಾರೆ. ಬೈಗುಳ ಈಚೆಗೆ ತೆಳುವಾಗಿದೆ, ಅದರ ಬದಲು ಚಹಾ ಗಟ್ಟಿಯಾಗಿದೆ. ಬಡಗಿ ಅಂದು ತಿರುವಿನಲ್ಲಿ ಎಷ್ಟು ಹೊತ್ತು ಕಾದರೆಂದು ಅವರೂ ಹೇಳಿಲ್ಲ, ಇವರೂ ಕೇಳಿಲ್ಲ.

ಹಾಗಾದರೆ ಆ ಎಂಟು ಲಕ್ಷ ಜನರಿಂದ ಬಡಗಿಗೆ ಏನು ಬಂತು? ಕೇಳಿದರೆ ಅವರು ಉಳಿ ಕೆಳಗಿಟ್ಟು ಸ್ವಲ್ಪ ಯೋಚಿಸುತ್ತಾರೆ. "ನಗೋಕೆ ಬಂದೋರು ಪೆಟ್ಟಿಗೆ ತಗೊಳ್ಳಲ್ಲ. ಪೆಟ್ಟಿಗೆ ಬೇಕಾದೋರು ನಗೋಕೆ ಬರಲ್ಲ" ಎನ್ನುತ್ತಾರೆ. ಮತ್ತೆ ಉಳಿ ಎತ್ತಿಕೊಳ್ಳುತ್ತಾರೆ. ಪುಟಕ್ಕೆ ಬಂದ ಹಾಸ್ಯಪ್ರಿಯರು ಒಂದೆರಡು ತಿಂಗಳಲ್ಲಿ ಬೇರೆ ನಗು ಹುಡುಕಿಕೊಂಡು ಹೋದರು. ಆನ್‌ಲೈನ್ ಜಾಹೀರಾತು ಫಲ ಕೊಡುತ್ತದೆಯೇ ಎಂದು ವಾದಿಸುವವರು ಈ ಬಡಗಿಯ ಅಂಗಡಿಯಲ್ಲೂ ಒಂದು ಗಳಿಗೆ ಕೂತು ಹೋಗಬಹುದು. ಹಾಗೆಂದು ಪುಟವೇ ವ್ಯರ್ಥವೆಂದರೆ ಅದೂ ಸುಳ್ಳಾಗುತ್ತದೆ. ಅದಿಲ್ಲದೆ ಈ ಉಳಿಗೆ ಇಂದು ಕೆಲಸವೇ ಇರುತ್ತಿರಲಿಲ್ಲ.

ಬಡಗಿಯ ಪುಟದಲ್ಲಿ ಈಗ ಪ್ರತಿ ಉತ್ತರದ ಕೆಳಗೂ ಒಂದು ಹೊಸ ಸಾಲಿದೆ. ಟೈಲರ್ ಮನೆಯಿಂದ ಬಂದ ದಿನವೇ ಬರೆದದ್ದು, ಅತ್ತೆ ಒಂದೇ ಸಲಕ್ಕೆ ಒಪ್ಪಿದ್ದು: 'ಇದನ್ನು ಬರೆದವರು ಮನುಷ್ಯರು. ತಪ್ಪಾಗಿದ್ದರೆ ಈ ನಂಬರಿಗೆ ಫೋನ್ ಮಾಡಿ ಬೈಯಬಹುದು.' ನಂಬರು ಈ ಅಡುಗೆಮನೆಯದು. ಬೈಯುವುದಕ್ಕೆ ಮಾಡುವವರಿಗಿಂತ ನಿಜಕ್ಕೂ ಯಾರಾದರೂ ಎತ್ತುತ್ತಾರೆಯೇ ಎಂದು ನೋಡಲು ಮಾಡುವವರೇ ಹೆಚ್ಚು. ಎತ್ತಿದರೆ ಗಾಬರಿಯಾಗಿ "ಏನಿಲ್ಲ, ಸುಮ್ನೆ" ಎನ್ನುತ್ತಾರೆ. ಅವರಲ್ಲಿ ಕೆಲವರು ಸುಮ್ಮನೆ ಮಾತಿಗಿಳಿಯುತ್ತಾರೆ. ಒಬ್ಬ ಮುದುಕರು ತಮಗೇ ಒಂದು ಪೆಟ್ಟಿಗೆಯ ಅಳತೆ ಹೇಳಿ, ಅವಸರವಿಲ್ಲ, ನಿಧಾನವಾಗಿ ಮಾಡಲಿ ಎಂದರಂತೆ. ಸೈಕಲ್ ಅಂಗಡಿಯವನು, ಬೀಗದವನು ತಮ್ಮ ಪುಟಕ್ಕೂ ಆ ಸಾಲು ಬೇಕೆಂದು ಹಾಕಿಸಿಕೊಂಡಿದ್ದಾರೆ. ಹಾಸಿಗೆ ಯಜಮಾನರು ಮಾತ್ರ, ಬೈಗುಳವನ್ನು ಕರೆದು ಕೂರಿಸುವ ಅಂಗಡಿ ಎಲ್ಲಾದರೂ ಉಂಟೇ ಎಂದು ಬೇಡವೆಂದರು.

ಯಜಮಾನರು ಈಗ ತಾನಾಗಿಯೇ ಉತ್ತರ ಕೊಡುವ ವ್ಯವಸ್ಥೆ ತಂದಿದ್ದಾರೆ. ಯಾರು ಏನು ಕೇಳಿದರೂ ಕಣ್ಣು ಮಿಟುಕಿಸುವುದರೊಳಗೆ ಉತ್ತರ. ಇನ್ನು ಮುಂದಿನ ವ್ಯಾಪಾರವೆಲ್ಲ ಹೀಗೆಯೇ ಎನ್ನುತ್ತಾರೆ. ಉತ್ತರಕ್ಕನನ್ನು ಬಿಡಿಸಿಲ್ಲ, ಹಳೆಯ ಋಣ. ಆದರೆ ಕೆಲಸ ಅರ್ಧವಾಗಿದೆ, ಕೇಕ್ ಅಂಗಡಿಯವರೂ ಅದೇ ದಾರಿ ಹಿಡಿಯುವ ಸೂಚನೆಯಿದೆ. ಇನ್ನೆರಡು ವರ್ಷಕ್ಕೆ ಈ ಮೇಜಿನ ಮೇಲೆ ಎಷ್ಟು ಫೋನಿರುತ್ತದೋ ಯಾರಿಗೂ ಗೊತ್ತಿಲ್ಲ. ಸಿಟ್ಟು ಬಂದಿದೆಯೇ ಎಂದರೆ ಉತ್ತರಕ್ಕ ಇಲ್ಲವೆಂದು ತಲೆಯಾಡಿಸುತ್ತಾರೆ. "ಬೆಲೆ ಎಷ್ಟು, ಉದ್ದ ಎಷ್ಟು, ಯಾವಾಗ ಬರುತ್ತೆ. ಅದನ್ನೆಲ್ಲ ಮಿಷನ್ನೇ ಹೇಳ್ಲಿ, ನನಗಿಂತ ಬೇಗ ಹೇಳುತ್ತೆ. ನನ್ನ ಬೆರಳಿಗೂ ಆರಾಮ. ಮಿಷನ್ ತಪ್ಪು ಮಾಡ್ದಾಗ ಅದರ ಪಕ್ಕ ಒಬ್ಬರು ಕೂತಿರ್ಬೇಕು ಅಷ್ಟೆ. ಆ ಕುರ್ಚಿ ನನಗೆ ಕೊಟ್ರೆ ಸಾಕು" ಎನ್ನುತ್ತಾರೆ.

ಮಾತು ಅಲ್ಲಿಗೆ ಬಂದಾಗ ಬಿಸಿಲು ಮೇಜಿನ ತುದಿಗೆ ಬಂದಿರುತ್ತದೆ. ಫೋನು ಬಡಿದುಕೊಳ್ಳುತ್ತದೆ. ಆಕೆ ಎತ್ತಿ ಹಲೋ ಎನ್ನುವ ಮುಂಚೆಯೇ ಗಂಡಸಿನ ಗುಡುಗು. ಹಾಸಿಗೆ ಕೊಂಡವರು. ಮಳೆಯಲ್ಲಿ ನೆನೆಸಿಕೊಂಡೇ ತಂದು ಬಾಗಿಲಿಗೆ ಎಸೆದು ಹೋದರೆಂದು ಪುಟಕ್ಕೆ ದೂರು ಬರೆದರೆ, 'ನಿಮ್ಮ ಸಂತೋಷವೇ ನಮ್ಮ ಸಂತೋಷ' ಎಂದು ಉತ್ತರ ಬಂದಿದೆ. ಮತ್ತೆ ಬರೆದರೆ ಮತ್ತೆ ಅದೇ. ಪಾಪ, ಮೂರು ದಿನ ಆ ಸಂತೋಷದ ಜೊತೆ ಹೆಣಗಾಡಿ, ಅಂಗಡಿಗೆ ಹೋಗಿ ಜಗಳವಾಡಿ, ಅಲ್ಲಿನ ಕೆಲಸದವನ ಬಾಯಿಂದ ಈ ನಂಬರು ಪಡೆದಿದ್ದಾರೆ. ಮೂರು ದಿನದ ಸಿಟ್ಟು ಒಮ್ಮೆಲೇ ಹೊರಬೀಳುತ್ತಿದೆ. ಉತ್ತರಕ್ಕ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು, "ಹೌದು ಸಾರ್. ತಪ್ಪು ಸಾರ್. ಹೇಳಿ ಸಾರ್, ಪೂರ್ತಿ ಹೇಳಿ" ಎನ್ನುತ್ತ ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಳ್ಳುತ್ತಾರೆ.

"ಯಾರೇ ಅದು, ಆ ಪಾಟಿ ಕೂಗ್ತಿರೋದು?" ಎಂದು ಮಂಚದಿಂದ ಅತ್ತೆ ಕೇಳುತ್ತಾರೆ.

ಉತ್ತರಕ್ಕ ಫೋನಿನ 'ಬಾಯಿ'ಗೆ ಅಂಗೈ ಮುಚ್ಚಿ, ಬಹಳ ಸಮಾಧಾನದಿಂದ ಹೇಳುತ್ತಾರೆ.

"ಬೈಲಿ ಬಿಡಿ ಅತ್ತೆ. ಯಾರಿಗೆ ಬೈಬೇಕು ಅಂತ ಅವರಿಗೆ ಗೊತ್ತಾಯ್ತಲ್ಲ."